42 ಟೇಬಲ್, ಒಂದೇ ಸ್ಯಾಸ್ ಮ್ಯಾಕ್ರೋ

ಸ್ಯಾಸ್ ಅಂದರೆ ಡೇಟಾ ವಿಶ್ಲೇಷಣೆಯ ತಂತ್ರಾಂಶ; ಅದರಲ್ಲಿ ಮ್ಯಾಕ್ರೋ ಅಂದರೆ ಬೇಕಾದ ಕೋಡನ್ನು ತಾನೇ ಬರೆದುಕೊಡುವ ತುಣುಕು. ಮ್ಯಾಕ್ರೋ ಕೆಟ್ಟರೆ ಲಾಗ್ (ಓಟದ ದಾಖಲೆ) ನೋಡಿ ತಪ್ಪು ಹಿಡಿಯೋಕಾಗಲ್ಲ, ಕಾಪಿ-ಪೇಸ್ಟೇ ವಾಸಿ ಅಂತ ತಂಡದಲ್ಲಿ ಎಲ್ಲರದ್ದೂ ಒಂದೇ ಮಾತಾಗಿತ್ತು. ಈಗ 42 ಪ್ರೋಗ್ರಾಮ್ ಇದ್ದ ಜಾಗದಲ್ಲಿ ಒಂದು ಮ್ಯಾಕ್ರೋ, ಯಾವ ಟೇಬಲ್ ಹೇಗೆ ಮಾಡಬೇಕೆಂದು ಬರೆದ ಒಂದು ಕಂಟ್ರೋಲ್ ಟೇಬಲ್ ಇದೆ. ಹೊಸ ಟೇಬಲ್ ಬೇಕೆಂದರೆ ಅದಕ್ಕೊಂದು ಸಾಲು ಸೇರಿಸಿದರಾಯಿತು.

ಪ್ಯಾರಾಮೀಟರ್ ಐದೇ: ಲಿಬ್ (ಲೈಬ್ರರಿ), ಸೋರ್ಸ್, ಔಟ್, ಕಂಡ್ (ಷರತ್ತು), ಗ್ರೂಪ್. ಎಲ್ಲವೂ ಕೀವರ್ಡ್ (ಹೆಸರು ಹೇಳಿ ಕೊಡುವುದು), ಪೊಸಿಷನಲ್ (ಬರೀ ಸ್ಥಾನ ನೋಡಿ ಕೊಡುವುದು) ಬೇಡವೇ ಬೇಡ. &ಲಿಬ್..&ಔಟ್ ಅನ್ನುವಲ್ಲಿ ಎರಡು ಚುಕ್ಕಿ ಮರೆಯಬೇಡಿ, ಒಂದನ್ನು ಮ್ಯಾಕ್ರೋ ನುಂಗುತ್ತದೆ.

ಮೊದಲ ಪೆಟ್ಟು ಬಿದ್ದದ್ದು %ಲೋಕಲ್ (ವೇರಿಯಬಲ್ ಆ ಮ್ಯಾಕ್ರೋದೊಳಗೇ ಇರಲಿ ಎನ್ನುವ ಆಜ್ಞೆ) ಬರೆಯದೆ. ಹೊರಗಿನ ಲೂಪಿನ ಎಣಿಕೆಗೂ ಹೆಸರು ಐ, ಒಳಗೆ ಕರೆದ ಮ್ಯಾಕ್ರೋದ 1ರಿಂದ 3ರ ಲೂಪಿಗೂ ಐ. ಒಳಗಿನದು ಮುಗಿದಾಗ ಐ ಬೆಲೆ 4, ಹೊರಗಿನದು ಅದನ್ನು 5 ಮಾಡುತ್ತದೆ, ಒಳಗಿನದು ಮತ್ತೆ 4ಕ್ಕೆ ಎಳೆಯುತ್ತದೆ. ಲಾಗಿನಲ್ಲಿ ಟೇಬಲ್ 1, ಆಮೇಲೆ 5, 5, 5. ಎರಡು ಗಂಟೆಯಾದರೂ ಓಡುತ್ತಲೇ ಇತ್ತು.

ಲೂಪಿನ ಸಹವಾಸವೇ ಬೇಡವೆಂದು ಕಾಲ್ ಎಕ್ಸಿಕ್ಯೂಟ್ (ಡೇಟಾ ಸ್ಟೆಪ್ಪಿನ ಒಳಗಿಂದ ಪ್ರತಿ ಸಾಲಿಗೂ ಮ್ಯಾಕ್ರೋ ಕರೆಯುವ ದಾರಿ) ಹಿಡಿದೆ. ಅಲ್ಲಿ 42 ಟೇಬಲ್‌ಗೂ 'ದಾಖಲೆ ಇಲ್ಲ' ಎಂಬ ಪುಟ! ಕಾರಣ ಇಷ್ಟೇ: ಮ್ಯಾಕ್ರೋದ %ಇಫ್ ಆ ಕ್ಷಣವೇ ನಡೆದುಬಿಡುತ್ತದೆ, ಸಾಲು ಎಣಿಸಿ ಆ ಸಂಖ್ಯೆಯನ್ನು ಸಿಮ್‌ಪುಟ್‌ಎಕ್ಸ್‌ನಿಂದ ಮ್ಯಾಕ್ರೋ ವೇರಿಯಬಲ್ಲಿಗೆ ತುಂಬುವ ಸ್ಟೆಪ್ ಸರದಿಯಲ್ಲೇ ಕಾಯುತ್ತಿರುತ್ತದೆ. ಎಣಿಕೆ ಶುರುವಿನ ಸೊನ್ನೆಯಲ್ಲೇ ಉಳಿಯುತ್ತದೆ. ಮ್ಯಾಕ್ರೋ ಹೆಸರನ್ನು %ಎನ್‌ಆರ್‌ಎಸ್‌ಟಿಆರ್ ಒಳಗೆ ಹಾಕಿ, ಅದು ಆಗಲೇ ನಡೆಯದಂತೆ ತಡೆದ ಮೇಲೆ ಸರಿಹೋಯಿತು. ನಿಗದಿತ ಮೊತ್ತದ ಕೆಲಸ. ಇದಕ್ಕೆ ಹೋದ ಮೂರು ದಿನ ಬಿಲ್ಲಿಗೆ ಏರಲಿಲ್ಲ.

ಕೋಡ್ ಕಾಲಮ್ಮಿನಲ್ಲಿ 'ಎನ್‌ಇ', 'ಓಆರ್' ಇದ್ದರೂ %ಇಫ್ ಎಡವುತ್ತದೆ, ಅವನ್ನು ಆಪರೇಟರ್ ('ಸಮವಲ್ಲ', 'ಅಥವಾ') ಅಂದುಕೊಳ್ಳುತ್ತದೆ. ಹೋಲಿಕೆಯ ಎರಡೂ ಬದಿಗೆ ಡಬಲ್ ಕೋಟ್ ಹಾಕಿ.

ಪ್ರತಿ ಟೇಬಲ್‌ಗೂ ಬೇರೆ ವೇರ್ (ಸಾಲು ಆಯುವ ಷರತ್ತು) ಕೊಟ್ಟರೆ ಮೂಲ ಡೇಟಾವನ್ನು 42 ಸಲ ಓದಬೇಕು. ಅದರ ಬದಲು ಒಂದೇ ಡೇಟಾ ಸ್ಟೆಪ್: ಮೊದಲ ಸಾಲಿನಲ್ಲಿ %ಡು ಲೂಪಿನಿಂದ 42 ಹೆಸರು, ಕೆಳಗೆ ಇನ್ನೊಂದು ಲೂಪಿನಿಂದ 42 ಇಫ್-ಔಟ್‌ಪುಟ್. ಐವತ್ತು ನಿಮಿಷದ್ದು ನಾಲ್ಕೈದಕ್ಕೆ ಇಳಿಯಿತು. ಸಾಲುಗಳನ್ನು ಮೆಮೊರಿಯಲ್ಲಿ ಇಟ್ಟುಕೊಳ್ಳುವ ಹ್ಯಾಶ್ ಆಬ್ಜೆಕ್ಟಿನ ಔಟ್‌ಪುಟ್ ಮೆಥಡ್‌ನಲ್ಲೂ ಒಮ್ಮೆ ಡೇಟಾ ಒಡೆದು ನೋಡಿದೆ. ಮ್ಯಾಕ್ರೋ ಇಲ್ಲದೆಯೇ ಆಗುತ್ತದೆ, ಆದರೆ ದೊಡ್ಡ ಗುಂಪು ಬಂದರೆ ಮೆಮೊರಿ ಸಾಲದು.

ಕಂಟ್ರೋಲ್ ಟೇಬಲ್ ತಪ್ಪಿದ್ದರೆ ಓಡಿಸುವ ಮೊದಲೇ ಹಿಡಿಯುವ ಉಪಾಯವೂ ಇದೆ, ಅದು ಸದ್ಯಕ್ಕೆ ನನ್ನಲ್ಲೇ ಇರಲಿ. ಅನುಮಾನದವರ ಬಾಯಿ ಮುಚ್ಚಿಸಿದ್ದು ಮಾತ್ರ ಎಂಪ್ರಿಂಟ್ ಜತೆಗಿನ ಎಂಫೈಲ್ ಆಪ್ಷನ್. ಮೊದಲು ಎಂಪ್ರಿಂಟ್ ಹೆಸರಿನಲ್ಲೇ ಫೈಲ್‌ನೇಮ್ ಕೊಡಬೇಕು; ಆಗ ಮ್ಯಾಕ್ರೋ ಬಿಚ್ಚಿಕೊಂಡ ಸಾದಾ ಕೋಡ್ ಫೈಲಿಗೆ ಬೀಳುತ್ತದೆ. ಪರಿಶೀಲಿಸುವವರು ಈಗ ಅದನ್ನೇ ಓದುತ್ತಾರೆ.