ಕಚ್ಚುವ ನಾಯಿ ಮನೆಯಲ್ಲಿದ್ದರೆ ಮಾಲೀಕರ ಹೊಣೆ ಏನು?

ರಾಟ್‌ವೈಲರ್, ಪಿಟ್‌ಬುಲ್ ಸೇರಿದಂತೆ 23 ತಳಿಗಳನ್ನು ಸಾಕುವಂತಿಲ್ಲ ಎಂದು ಅನೇಕರು ಈಗಲೂ ನಂಬಿದ್ದಾರೆ. 2024ರ ಮಾರ್ಚ್ 12ರಂದು ಕೇಂದ್ರ ಪಶುಸಂಗೋಪನಾ ಇಲಾಖೆ ಹೊರಡಿಸಿದ, ಈ ನಂಬಿಕೆಗೆ ಕಾರಣವಾದ ಸುತ್ತೋಲೆಯನ್ನು ಕರ್ನಾಟಕ ಹೈಕೋರ್ಟ್ ಮರುತಿಂಗಳೇ ರದ್ದುಮಾಡಿತು. ಸಂಬಂಧಪಟ್ಟವರ ಅಹವಾಲು ಕೇಳದೆ ಹೊರಡಿಸಿದ್ದು ಅದರ ದೊಡ್ಡ ದೋಷ. ಆದರೆ ಇದರಿಂದ ಮಾಲೀಕರ ಹೊಣೆ ಹಗುರವಾಗಿಲ್ಲ. ಅಪರಾಧ ಕಾನೂನು ತಳಿ ಯಾವುದೆಂದು ಕೇಳುವುದೇ ಇಲ್ಲ. ಮುಧೋಳವಾಗಲಿ, ಬೀದಿಯಿಂದ ತಂದ ಮರಿಯಾಗಲಿ, ಕೇಳುವುದು ಒಂದನ್ನೇ: ಅಪಾಯ ತಡೆಯಲು ಸಾಕಾಗುವಷ್ಟು ಎಚ್ಚರ ವಹಿಸಿದ್ದಿರಾ?

ಭಾರತೀಯ ನ್ಯಾಯ ಸಂಹಿತೆಯ ಕಲಂ 291ರ ಪ್ರಕಾರ, ತಿಳಿದೂ ಅಥವಾ ಅಜಾಗ್ರತೆಯಿಂದ ಈ ಎಚ್ಚರ ತಪ್ಪಿದರೆ 6 ತಿಂಗಳವರೆಗೆ ಜೈಲು, 5,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ನಾಯಿ ಕಚ್ಚಿ ಯಾರಾದರೂ ಸತ್ತರೆ ಕಲಂ 106ರಡಿ 5 ವರ್ಷದವರೆಗೆ ಶಿಕ್ಷೆಯಾಗಬಹುದು. ಪರಿಹಾರ ಕೋರಿ ಹೂಡುವ ಸಿವಿಲ್ ದಾವೆ ಇದರ ಹೊರತು. ಕಲಂ 291 ಹೇಳುವುದು ಪ್ರಾಣಿ ‘ವಶದಲ್ಲಿರುವ’ ವ್ಯಕ್ತಿಯ ಬಗ್ಗೆ. ಆದ್ದರಿಂದ ನಾಯಿಯನ್ನು ವಾಕಿಂಗ್‌ಗೆ ಕರೆದೊಯ್ದ ಕೆಲಸದವರೂ ಸಿಕ್ಕಿಬೀಳಬಹುದು. ನಲವತ್ತು ಕಿಲೋ ತೂಕದ ನಾಯಿಯನ್ನು ಹಿಡಿದು ನಿಲ್ಲಿಸಲಾಗದವರ ಕೈಗೆ, ಮಕ್ಕಳ ಕೈಗಂತೂ, ಕೊಡಲೇಬೇಡಿ.

‘ನಾಯಿ ಇದೆ ಎಚ್ಚರಿಕೆ’ ಫಲಕ ಹಾಕಿದರೆ ಪಾರಾದಂತೆ ಎಂಬುದು ತಪ್ಪು ತಿಳಿವಳಿಕೆ. ಓದಲು ಬಾರದ ಮಗುವಿಗೆ ಅದರಿಂದ ರಕ್ಷಣೆಯಿಲ್ಲ. ನಾಯಿಯ ಸ್ವಭಾವ ನಿಮಗೆ ಮೊದಲೇ ಗೊತ್ತಿತ್ತು ಎನ್ನಲು ಎದುರು ಪಕ್ಷದ ವಕೀಲರು ಅದನ್ನೇ ತೋರಿಸಬಹುದು. ಫಲಕ ಇರಲಿ, ಜೊತೆಗೆ ತಡೆಯೂ ಇರಲಿ.

ಅನಾಹುತವಾಗುವುದು ಹೆಚ್ಚಾಗಿ ಗೇಟಿನಲ್ಲಿ. ಡೆಲಿವರಿಯವರು ಬಂದಾಗ ಒಬ್ಬರು ಗೇಟು ತೆರೆಯುತ್ತಾರೆ, ಅದೇ ಹೊತ್ತಿಗೆ ಮನೆಬಾಗಿಲೂ ತೆರೆದಿರುತ್ತದೆ. ಗೇಟಿಗೂ ಬಾಗಿಲಿಗೂ ನಡುವೆ ಇನ್ನೊಂದು ಒಳಗೇಟು ಹಾಕಿಸಿ. ಒಂದು ಮುಚ್ಚಿದ ಮೇಲೆಯೇ ಇನ್ನೊಂದು ತೆರೆಯಬೇಕು. ಕರೆಗಂಟೆ, ಹಾಲು–ಪೇಪರ್ ಪೆಟ್ಟಿಗೆ ಹೊರಗಿರಲಿ. ಗೇಟಿನ ಕೆಳಗೆ ಮೂತಿ ತೂರುವ ಸಂದು ಇದ್ದರೆ ತಗಡು ಹೊಡೆಸಿ.

ಹೊರಗೆ ಹೋಗುವಾಗ 4ರಿಂದ 6 ಅಡಿಯ ಗಟ್ಟಿ ಹಗ್ಗ ಸಾಕು. ತಾನಾಗಿ ಉದ್ದವಾಗುವ ಹಗ್ಗ ನುಗ್ಗುವ ನಾಯಿಗೆ ಓಡುವ ಜಾಗ ಕೊಡುತ್ತದೆ. ಬಾಯಿಕುಕ್ಕೆ ಬುಟ್ಟಿಯಂಥದ್ದೇ ಬೇಕು: ಒಳಗೆ ಬಾಯಿ ತೆರೆದು ಏದುಸಿರು ಬಿಡಲು, ನೀರು ಕುಡಿಯಲು ಆಗಬೇಕು. ಬಾಯಿ ಬಿಗಿಯುವ ಬಟ್ಟೆಪಟ್ಟಿ ಬಿಸಿಲಲ್ಲಿ ಪ್ರಾಣಕ್ಕೇ ಕುತ್ತು. ಮೊದಲ ದಿನವೇ ತೊಡಿಸಬೇಡಿ. ಒಳಗೆ ತಿಂಡಿಯಿಟ್ಟು ಕೆಲವು ವಾರ ರೂಢಿ ಮಾಡಿಸಿ.

ಭಯದಿಂದ ದಿನವಿಡೀ ಸರಪಳಿ ಹಾಕಿ ಕಟ್ಟುವುದು ಪರಿಹಾರವಲ್ಲ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಕಲಂ 11ರಡಿ ಅದೇ ಅಪರಾಧ, ಜೊತೆಗೆ ಸದಾ ಕಟ್ಟಿದ ನಾಯಿ ಇನ್ನಷ್ಟು ರೇಗುತ್ತದೆ. ರೇಬೀಸ್ ಲಸಿಕೆ, ಜಂತುಹುಳು ಔಷಧ, ಸಂತಾನಹರಣ ಮಾಲೀಕರದೇ ಜವಾಬ್ದಾರಿ ಎಂದು 2023ರ ಎಬಿಸಿ (ಪ್ರಾಣಿ ಸಂತಾನ ನಿಯಂತ್ರಣ) ನಿಯಮಗಳು ಹೇಳುತ್ತವೆ. ಲಸಿಕೆ ಪುಸ್ತಕದಲ್ಲಿ ವೈದ್ಯರ ಸಹಿ, ಬ್ಯಾಚ್ ಸಂಖ್ಯೆ, ಮುಂದಿನ ದಿನಾಂಕ ಇರಲಿ. ಪರವಾನಗಿ ನಿಯಮ ಊರೂರಿಗೆ ಬೇರೆ. ನಿಮ್ಮ ಪಾಲಿಕೆಯಲ್ಲಿ ವಿಚಾರಿಸಿ.

ಕಚ್ಚಿಬಿಟ್ಟರೆ ವಾದ ಬೇಡ. ನಾಯಿಯನ್ನು ಒಳಗೆ ಕೂಡಿ, ಗಾಯವನ್ನು ಹರಿಯುವ ನೀರು, ಸೋಪಿನಲ್ಲಿ 15 ನಿಮಿಷ ತೊಳೆಸಿ. ಅರಿಶಿನ, ಸುಣ್ಣ ಹಚ್ಚಲು ಬಿಡಬೇಡಿ. ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ. ರಕ್ತ ಬಂದ ಗಾಯಕ್ಕೆ ಲಸಿಕೆಯಷ್ಟೇ ಸಾಲದು, ಇಮ್ಯುನೊಗ್ಲಾಬ್ಯುಲಿನ್ (ಸಿದ್ಧ ಪ್ರತಿಕಾಯಗಳ ಚುಚ್ಚುಮದ್ದು) ಕೂಡ ಬೇಕು. ‘ನಮ್ಮ ನಾಯಿಗೆ ಲಸಿಕೆ ಆಗಿದೆ’ ಎಂದು ಹೇಳಿ ಚಿಕಿತ್ಸೆ ತಡಮಾಡಿಸುವುದು ಘೋರ ತಪ್ಪು. ಖರ್ಚು ನೀವೇ ಕೊಟ್ಟು ರಸೀದಿ ಇಟ್ಟುಕೊಳ್ಳಿ. ನಾಯಿಯನ್ನು 10 ದಿನ ಕಣ್ಗಾವಲಿನಲ್ಲಿಡಿ, ಕೊಲ್ಲಬೇಡಿ, ಸಾಗಹಾಕಬೇಡಿ: ಅದು ಆರೋಗ್ಯವಾಗಿದೆಯೇ ಎಂಬುದು ಗಾಯಾಳುವಿನ ಚಿಕಿತ್ಸೆಗೆ ಬೇಕಾದ ಮಾಹಿತಿ.

ಆಮೇಲೆ ಬೇರೆಯವರಿಗೆ ಕೊಡುವುದಾದರೆ, ಕಚ್ಚಿದ ಸಂಗತಿಯನ್ನು ಬರವಣಿಗೆಯಲ್ಲಿ ತಿಳಿಸಿಯೇ ಕೊಡಿ. ಹೆದ್ದಾರಿ ಬದಿಯಲ್ಲಿ ಬಿಟ್ಟು ಬಂದರೆ ಅದು ಇನ್ನೊಂದು ಅಪರಾಧ.