ಚಿತ್ರ ಬಂದ ಮೇಲೂ ಉಳಿಯುವ ಕೆಲಸ: ಕೇಬಲ್ ಬಾಕ್ಸ್‌ನ ಗೈಡ್ ಸರಿಪಡಿಸಿದ ನನ್ನ ಅನುಭವ

ನಮ್ಮ ಕಡೆ ಸೆಟ್‌ಟಾಪ್ ಬಾಕ್ಸ್ ಹಾಕುವ ಕೆಲಸ ಸಾಮಾನ್ಯವಾಗಿ ಪರದೆಯ ಮೇಲೆ ಚಿತ್ರ ಮೂಡಿದೊಡನೆ ಮುಗಿಯುತ್ತದೆ. ಬಂದವರು ಒಂದೆರಡು ಚಾನೆಲ್ ಬದಲಾಯಿಸಿ ತೋರಿಸಿ, ರಿಮೋಟನ್ನು ಮನೆಯವರ ಕೈಗಿತ್ತು ಹೊರಡುತ್ತಾರೆ. ಊರಿನ ಕೇಬಲ್ ಜಾಲದಲ್ಲಿ ಹಲವು ವರ್ಷಗಳಿಂದ ಇದೇ ಕೆಲಸ ಮಾಡಿಕೊಂಡು ಬಂದಿರುವ ನಾನು ಅದನ್ನು ಅಲ್ಲಿಗೆ ಬಿಡುವುದಿಲ್ಲ. ಮನೆಯಲ್ಲಿ ಹೆಚ್ಚು ಹೊತ್ತು ಟಿವಿ ನೋಡುವವರು ಯಾರೋ, ಬಹುಮಟ್ಟಿಗೆ ವಯಸ್ಸಾದವರು, ಸಂಜೆ ಏನಿದೆ ಎಂಬುದನ್ನು ಗೈಡ್ (ಪರದೆಯ ಮೇಲೆ ಬರುವ ಕಾರ್ಯಕ್ರಮಗಳ ಪಟ್ಟಿ) ತೆರೆದು ತಾವೇ ನೋಡಿ, ಬೇಕಾದ ಚಾನೆಲ್‌ಗೆ ತಾವೇ ಹೋಗುವಂತಾದಾಗ ಮಾತ್ರ ಬಾಕ್ಸ್ ಹಾಕಿದ ಕೆಲಸ ಪೂರ್ತಿಯಾಯಿತು ಎಂಬುದು ನನ್ನ ನಂಬಿಕೆ.

ಅನಲಾಗ್ ಕಾಲದಲ್ಲಿ ಈ ಪ್ರಶ್ನೆಯೇ ಇರಲಿಲ್ಲ. ತಂತಿಯನ್ನು ನೇರವಾಗಿ ಟಿವಿಗೆ ಸಿಕ್ಕಿಸಿದರೆ ಸಾಕಾಗುತ್ತಿತ್ತು. ಬೆಂಗಳೂರು ಮತ್ತು ಮೈಸೂರಿಗೆ 2013ರ ಮಾರ್ಚ್ 31ರ ಗಡುವಿನೊಂದಿಗೆ ಡಿಜಿಟಲ್ ಕೇಬಲ್ ಕಡ್ಡಾಯವಾಯಿತು. ನಮ್ಮಂತಹ ಹಳ್ಳಿಗಳಿಗೆ ನಾಲ್ಕನೆಯ ಹಂತದಲ್ಲಿ, 2017ರ ಮಾರ್ಚ್ 31ಕ್ಕೆ, ಆ ಗಡುವು ಬಂತು. ಮೊದಲು ಒಂದೇ ಚಾನೆಲ್ ಹಿಡಿಸುತ್ತಿದ್ದ ಜಾಗದಲ್ಲಿ ಈಗ ಹತ್ತಕ್ಕೂ ಹೆಚ್ಚು ಚಾನೆಲ್‌ಗಳು ಬರುತ್ತವೆ. ಅವುಗಳ ಜೊತೆಯಲ್ಲೇ, ಅದೇ ತಂತಿಯಲ್ಲಿ, ಕಾರ್ಯಕ್ರಮಗಳ ವೇಳಾಪಟ್ಟಿಯೂ ಹರಿದು ಬರುತ್ತದೆ. ಆದ್ದರಿಂದ ಗೈಡ್ ಖಾಲಿ ಇದೆ ಎಂಬ ದೂರು ಬಂದಾಗ ನಾನು ಮೆನು ತೆರೆಯುವ ಮೊದಲು ತಂತಿಯನ್ನು ನೋಡುತ್ತೇನೆ.

ಮನೆಯೊಳಗೆ ಬರುವ, ಆರ್‌ಜಿ-6 ಎಂಬ ಕೇಬಲ್ ಟಿವಿ ತಂತಿಯ ತುದಿಯಲ್ಲಿರುವ ಕನೆಕ್ಟರನ್ನು ಬಿಚ್ಚಿದರೆ ತೊಂದರೆಯ ಅರ್ಧ ಭಾಗ ಅಲ್ಲೇ ಕಾಣಿಸುತ್ತದೆ. ಹೊರಗಿನ ಹೆಣೆದ ಜಾಲರಿಯ ಕೂದಲೆಳೆಯಂಥ ಒಂದು ಎಳೆ ಒಳಗಿನ ತಾಮ್ರದ ತಂತಿಗೆ ತಗುಲಿಕೊಂಡಿರುತ್ತದೆ, ಇಲ್ಲವೆ ನಡುತಂತಿ ತೀರ ಗಿಡ್ಡವಾಗಿ ಕತ್ತರಿಸಿಹೋಗಿ ಬಾಕ್ಸ್‌ನ ಒಳಗೆ ಸರಿಯಾಗಿ ಕೂರುತ್ತಿರುವುದಿಲ್ಲ. ನಾನು ಹಳೆಯ ತುದಿಯನ್ನು ಕತ್ತರಿಸಿ, ಜಾಲರಿಯನ್ನು ಪೂರ್ತಿ ಹಿಂದಕ್ಕೆ ಮಡಚಿ, ನಡುತಂತಿ ಕನೆಕ್ಟರಿನ ಅಂಚಿನಿಂದ ಎರಡು ಮೂರು ಮಿಲಿಮೀಟರ್ ಹೊರಗೆ ಕಾಣುವಂತೆ ಹೊಸದಾಗಿ ಕೂರಿಸುತ್ತೇನೆ. ಎರಡು ಟಿವಿಗಳಿಗೆ ಹಂಚುವ ಸ್ಪ್ಲಿಟರ್ ಸುಮಾರು ಮೂರೂವರೆ ಡಿಬಿ (ಡೆಸಿಬಲ್, ಸಿಗ್ನಲ್ ಅಳೆಯುವ ಮಾನ), ನಾಲ್ಕಕ್ಕೆ ಹಂಚುವಂಥದ್ದು ಸುಮಾರು ಏಳು ಡಿಬಿ ಸಿಗ್ನಲ್ ತಿನ್ನುತ್ತದೆ. ಹೀಗಾಗಿ ಒಂದೇ ಟಿವಿ ಇರುವ ಮನೆಯಲ್ಲಿ ಹಳೆಯ ಸ್ಪ್ಲಿಟರ್ ಉಳಿದುಕೊಂಡಿದ್ದರೆ ಅದನ್ನು ತೆಗೆದುಹಾಕುತ್ತೇನೆ. ಮೀಟರ್‌ನಲ್ಲಿ ಸಿಗ್ನಲ್ 50ರಿಂದ 65 ಡಿಬಿ ಮೈಕ್ರೋವೋಲ್ಟ್ ನಡುವೆ ಇರುವಂತೆ ನೋಡಿಕೊಳ್ಳುತ್ತೇನೆ. ಅತಿಯಾದ ಸಿಗ್ನಲ್ ಕೂಡ ಚಿತ್ರವನ್ನು ಚೌಕ ಚೌಕವಾಗಿ ಒಡೆಯುತ್ತದೆ ಎಂಬುದನ್ನು ಬಹಳ ಜನ ಗಮನಿಸುವುದಿಲ್ಲ.

ಇದಾದ ಮೇಲೆ ಚಾನೆಲ್ ಹುಡುಕಾಟ. ಬಾಕ್ಸ್‌ನಲ್ಲಿ ಇಡೀ ಬ್ಯಾಂಡನ್ನು ಜಾಲಾಡುವ ಆಯ್ಕೆ ಇರುತ್ತದೆ, ಆದರೆ ನಾನು ನೆಟ್‌ವರ್ಕ್ ಸರ್ಚ್ ಅನ್ನೇ ಬಳಸುತ್ತೇನೆ. ಆಪರೇಟರ್ ಕೊಟ್ಟ ಮುಖ್ಯ ಫ್ರೀಕ್ವೆನ್ಸಿ, ಸಿಂಬಲ್ ರೇಟ್ 6875, ಮಾಡ್ಯುಲೇಷನ್ 64 ಕ್ಯುಎಎಂ (ಸಿಗ್ನಲ್ ಹಿಡಿಯಲು ಬಾಕ್ಸ್‌ಗೆ ಬೇಕಾದ ವಿವರಗಳು; ನಮ್ಮ ಜಾಲದಲ್ಲಿ ಇವು ಹೀಗಿವೆ, ಬೇರೆಡೆ ಬೇರೆ ಇರಬಹುದು) ಎಂದು ತುಂಬಿಸಿದರೆ ಉಳಿದ ಫ್ರೀಕ್ವೆನ್ಸಿಗಳ ಪಟ್ಟಿಯನ್ನು ಬಾಕ್ಸ್ ತಾನೇ ಓದಿಕೊಳ್ಳುತ್ತದೆ. ಹುಡುಕಾಟಕ್ಕೆ ಮುನ್ನ ಎಲ್‌ಸಿಎನ್ (ಆಪರೇಟರ್ ಕೊಟ್ಟ ಚಾನೆಲ್ ಸಂಖ್ಯೆ) ಎಂಬ ಆಯ್ಕೆ ಆನ್ ಇದೆಯೇ ಎಂದು ತಪ್ಪದೆ ನೋಡಬೇಕು. ಅದು ಆಫ್ ಆಗಿದ್ದರೆ ಚಾನೆಲ್‌ಗಳು ಸಿಕ್ಕ ಸಿಕ್ಕ ಕ್ರಮದಲ್ಲಿ ಕುಳಿತು, ಭಕ್ತಿ ಚಾನೆಲ್‌ನ ಪಕ್ಕದಲ್ಲಿ ಕಾರ್ಟೂನು, ಅದರ ಪಕ್ಕದಲ್ಲಿ ಬೇರೆ ಭಾಷೆಯ ಸುದ್ದಿ ಎಂಬಂತಾಗುತ್ತದೆ. ಆನ್ ಆಗಿದ್ದರೆ ಆಪರೇಟರ್ ನಿಗದಿಪಡಿಸಿದ ಸಂಖ್ಯೆಗಳೇ ಬರುತ್ತವೆ. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್‌ನ 2017ರ ನಿಯಮಾವಳಿಯು ಒಂದೇ ಬಗೆಯ ಚಾನೆಲ್‌ಗಳು ಗೈಡ್‌ನಲ್ಲಿ ಒಟ್ಟಿಗೆ ಇರಬೇಕು, ಒಂದು ಚಾನೆಲ್ ಒಂದೇ ಕಡೆ ಕಾಣಿಸಬೇಕು, ಕೊಟ್ಟ ಸಂಖ್ಯೆಯನ್ನು ಕನಿಷ್ಠ ಒಂದು ವರ್ಷ ಬದಲಿಸಬಾರದು ಎಂದು ಹೇಳಿರುವುದರಿಂದ, ಹಿರಿಯರು ಸಂಖ್ಯೆಗಳನ್ನು ಬಾಯಿಪಾಠ ಮಾಡಿಕೊಂಡರೆ ಆ ಶ್ರಮ ವ್ಯರ್ಥವಾಗುವುದಿಲ್ಲ.

ಇನ್ನು ಗೈಡ್‌ನ ವಿಷಯ. ಪ್ರತಿ ಚಾನೆಲ್‌ಗೂ ಎರಡು ಬಗೆಯ ಮಾಹಿತಿ ಬರುತ್ತದೆ: ಈಗ ನಡೆಯುತ್ತಿರುವುದು ಮತ್ತು ಮುಂದಿನದು ಎಂಬ ಚಿಕ್ಕ ಮಾಹಿತಿ ಒಂದು, ಮುಂದಿನ ದಿನಗಳ ಪೂರ್ಣ ವೇಳಾಪಟ್ಟಿ ಇನ್ನೊಂದು. ಚಿಕ್ಕದು ಪದೇ ಪದೇ ಪ್ರಸಾರವಾಗುವುದರಿಂದ ಬೇಗ ಕಾಣಿಸುತ್ತದೆ; ದೊಡ್ಡದು ನಿಧಾನವಾಗಿ ತುಂಬುತ್ತದೆ. ಮೆಮೊರಿ ಕಡಿಮೆ ಇರುವ ಬಾಕ್ಸ್‌ಗಳಲ್ಲಿ ನೀವು ನೋಡುತ್ತಿರುವ ಫ್ರೀಕ್ವೆನ್ಸಿಯಲ್ಲಿರುವ ಚಾನೆಲ್‌ಗಳ ಪಟ್ಟಿ ಮಾತ್ರ ತುಂಬಿ, ಉಳಿದವು ಖಾಲಿ ಇರುವುದೂ ಉಂಟು. ರಾತ್ರಿ ಗೋಡೆಯ ಸ್ವಿಚ್ಚನ್ನೇ ಆರಿಸುವ ಮನೆಗಳಲ್ಲಿ ಸಂಗ್ರಹವಾದದ್ದು ಅಳಿಸಿಹೋಗಿ ಬೆಳಿಗ್ಗೆ ಮತ್ತೆ ಮೊದಲಿನಿಂದ ತುಂಬಬೇಕಾಗುತ್ತದೆ. ಆದ್ದರಿಂದ ಬಾಕ್ಸ್ ಹಾಕಿದ ತಕ್ಷಣ ಗೈಡ್ ಬರಲಿಲ್ಲವೆಂದು ಗಾಬರಿಯಾಗದೆ, ಸ್ವಲ್ಪ ಹೊತ್ತು ಅದನ್ನು ಆನ್ ಇಟ್ಟು ಕಾಯುವಂತೆ ಹೇಳುತ್ತೇನೆ.

ಹೆಚ್ಚು ತಲೆ ಕೆಡಿಸುವುದು ಸಮಯ. ಬಾಕ್ಸ್‌ಗಳು ಬಳಸುವ ಡಿವಿಬಿ ಎಂಬ ಡಿಜಿಟಲ್ ಪ್ರಸಾರ ಪದ್ಧತಿಯಲ್ಲಿ ವೇಳಾಪಟ್ಟಿ ಬರುವುದು ಯುಟಿಸಿ ಎಂಬ ಜಾಗತಿಕ ಕಾಲಮಾನದಲ್ಲಿ. ಅದಕ್ಕೆ ಐದೂವರೆ ಗಂಟೆ ಕೂಡಿಸಿ ತೋರಿಸುವುದು ಬಾಕ್ಸ್‌ನ ಹೊಣೆ. ಆಪರೇಟರ್ ಕೊಡುವ ಬಾಕ್ಸ್‌ಗಳಲ್ಲಿ ಇದು ಸಾಮಾನ್ಯವಾಗಿ ಮೊದಲೇ ಹೊಂದಿಸಿರುತ್ತದೆ, ಆದರೆ ದೂರದರ್ಶನದ ಉಚಿತ ಡಿಶ್ ಸೇವೆಯಾದ ಡಿಡಿ ಫ್ರೀ ಡಿಶ್‌ಗಾಗಿ ಅಂಗಡಿಯಿಂದ ತಂದ ಬಾಕ್ಸ್‌ಗಳಲ್ಲಿ ಟೈಮ್ ಝೋನ್ ಸೊನ್ನೆಯಲ್ಲಿರುವುದನ್ನು ನಾನು ಆಗಾಗ ನೋಡಿದ್ದೇನೆ. ಆಗ ಸಂಜೆ ಏಳರ ಕಾರ್ಯಕ್ರಮ ಮಧ್ಯಾಹ್ನ ಒಂದೂವರೆಗೆ ಎಂದು ಕಾಣುತ್ತದೆ. ಮನೆಯವರು ಗಡಿಯಾರ ತಪ್ಪಿದೆ ಎಂದು ಅದನ್ನಷ್ಟೇ ಕೈಯಿಂದ ಏಳಕ್ಕೆ ತಿರುಗಿಸಿದರೆ ತೊಡಕು ಇನ್ನೂ ಹೆಚ್ಚುತ್ತದೆ: ಬಾಕ್ಸ್ ಆ ಏಳನ್ನು ಯುಟಿಸಿ ಎಂದೇ ತಿಳಿದು, ನಡುರಾತ್ರಿ ಹನ್ನೆರಡೂವರೆಯ ಕಾರ್ಯಕ್ರಮ ಈಗ ನಡೆಯುತ್ತಿದೆ ಎಂದು ಪಟ್ಟಿಯಲ್ಲಿ ತೋರಿಸುತ್ತದೆ, ಇಟ್ಟ ರಿಮೈಂಡರ್‌ಗಳೂ ಸರಿಯಾದ ಹೊತ್ತಿಗೆ ಬರುವುದಿಲ್ಲ. ಗಡಿಯಾರವನ್ನು ಆಟೋಗೆ ಬಿಟ್ಟು, ಝೋನನ್ನು ಪ್ಲಸ್ 5:30ಕ್ಕೆ ಇಡುವುದೊಂದೇ ಇದಕ್ಕೆ ಪರಿಹಾರ.

ಎರಡು ರಿಮೋಟ್‌ಗಳ ಗೊಂದಲವನ್ನು ನಾನು ಪ್ರತಿ ಮನೆಯಲ್ಲೂ ಬಿಡಿಸಿ ಹೇಳುತ್ತೇನೆ. ಈಚೆಗೆ ಒಂದು ಮನೆಯಲ್ಲಿ ಅಜ್ಜಿಯೊಬ್ಬರು, "ಗೈಡ್ ಒತ್ತಿದ್ರೆ ಚಾನೆಲ್ಲೇ ಇಲ್ಲ ಅಂತ ಬರುತ್ತಲ್ಲಪ್ಪಾ" ಎಂದರು. ಅವರು ಒತ್ತುತ್ತಿದ್ದುದು ಟಿವಿಯ ರಿಮೋಟಿನ ಗೈಡ್ ಬಟನ್. ಬಾಕ್ಸ್‌ನಿಂದ ಎಚ್‌ಡಿಎಂಐ ತಂತಿಯ ಮೂಲಕ ಟಿವಿಗೆ ಹೋಗುವುದು ಚಿತ್ರ ಮತ್ತು ಧ್ವನಿ, ವೇಳಾಪಟ್ಟಿಯ ಮಾಹಿತಿಯಲ್ಲ. ಟಿವಿಯ ಒಳಗಿನ, ಚಾನೆಲ್ ಹಿಡಿಯುವ ಟ್ಯೂನರ್‌ಗೆ ಕೇಬಲ್ ತಂತಿಯೇ ಸೇರಿಲ್ಲದ ಕಾರಣ ಅದರ ಗೈಡ್‌ನಲ್ಲಿ ಏನೂ ಇರಲು ಸಾಧ್ಯವಿಲ್ಲ. "ಅಜ್ಜಿ, ಇದರಲ್ಲಿ ಆನ್, ಆಫ್ ಮಾತ್ರ. ಮಿಕ್ಕಿದ್ದೆಲ್ಲಾ ಬಾಕ್ಸ್ ರಿಮೋಟಿನಲ್ಲೇ ನೋಡಿ" ಎಂದು ಹೇಳಿ, ಬಾಕ್ಸ್ ರಿಮೋಟಿನ ಗೈಡ್ ಬಟನ್ ಮೇಲೆ ಕೆಂಪು ಟೇಪಿನ ಸಣ್ಣ ತುಂಡು ಅಂಟಿಸಿದೆ. ಟಿವಿ ಆನ್ ಆದಾಗ ಆ್ಯಪ್‌ಗಳ ಪುಟಕ್ಕೆ ಹೋಗದೆ ನೇರವಾಗಿ ಎಚ್‌ಡಿಎಂಐಗೆ ಬರುವಂತೆಯೂ ಹೊಂದಿಸಿದೆ. ಹೊಸ ಟಿವಿಗಳಲ್ಲಿ ಈ ಆಯ್ಕೆ ಬಹುಪಾಲು ಇರುತ್ತದೆ.

2019ರ ಫೆಬ್ರುವರಿ 1ರಿಂದ ಬೇಕಾದ ಚಾನೆಲ್‌ಗಳಿಗೆ ಮಾತ್ರ ಹಣ ಕಟ್ಟುವ ಪದ್ಧತಿ ಬಂದ ಮೇಲೆ, ಚಂದಾ ಇಲ್ಲದ ಚಾನೆಲ್‌ಗಳೂ ಗೈಡ್‌ನಲ್ಲಿ ಸಾಲಾಗಿ ಕಾಣುತ್ತವೆ. ಹಾಗಾಗಿ ಚಂದಾ ಇರುವವುಗಳಲ್ಲಿ ಮನೆಯವರು ನಿಜವಾಗಿ ನೋಡುವಂಥವನ್ನು ಆರಿಸಿ, ಚಂದನದಿಂದ ಮೊದಲುಮಾಡಿ, ಫೇವರಿಟ್ ಪಟ್ಟಿಗೆ ಸೇರಿಸುತ್ತೇನೆ.

ಒಂದು ಕೊರತೆಯನ್ನು ಮಾತ್ರ ನಾನು ತುಂಬಲಾರೆ. ನಾನು ಹಾಕಿದ ಬಾಕ್ಸ್‌ಗಳಲ್ಲಿ ಬಹುಪಾಲು ಕನ್ನಡ ಕಾರ್ಯಕ್ರಮಗಳ ಹೆಸರೂ ಇಂಗ್ಲಿಷ್ ಅಕ್ಷರಗಳಲ್ಲೇ ಬರುತ್ತದೆ. ಡಿವಿಬಿ ಪದ್ಧತಿಯಲ್ಲಿ ಯೂನಿಕೋಡ್ ಪಠ್ಯಕ್ಕೆ ಅವಕಾಶವಿದೆ; ಚಾನೆಲ್‌ನವರು ಕನ್ನಡದಲ್ಲಿ ಹೆಸರು ಕಳುಹಿಸಿ, ಬಾಕ್ಸ್‌ನಲ್ಲಿ ಒತ್ತಕ್ಷರಗಳನ್ನು ಸರಿಯಾಗಿ ಕೂರಿಸುವ ಫಾಂಟ್ ಇದ್ದರೆ ಸಾಕು. ಕನ್ನಡ ಮಾತ್ರ ಓದಬಲ್ಲ ಸಾವಿರಾರು ಮನೆಗಳಿಗೆ ಈ ಗೈಡ್ ಅರ್ಧಕ್ಕರ್ಧ ಮುಚ್ಚಿದಂತೆಯೇ ಇದೆ, ಇದನ್ನು ಸರಿಪಡಿಸಲೇಬೇಕು.

ಅಲ್ಲಿಯವರೆಗೆ ನಾನು ಮಾಡುವುದಿಷ್ಟು: ಹೊರಡುವ ಮುನ್ನ ಫೇವರಿಟ್ ಪಟ್ಟಿಯ ಚಾನೆಲ್ ಹೆಸರುಗಳನ್ನು ಕನ್ನಡದಲ್ಲಿ, ಎದುರಿಗೆ ಸಂಖ್ಯೆಯೊಂದಿಗೆ, ದಪ್ಪ ಅಕ್ಷರದಲ್ಲಿ ಬರೆದು ಟಿವಿಯ ಪಕ್ಕದ ಗೋಡೆಗೆ ಅಂಟಿಸುತ್ತೇನೆ. ಹಾಳೆಯ ಕೆಳಗೆ ಬಾಕ್ಸ್‌ನ ಅಥವಾ ಅದರ ಕಾರ್ಡಿನ ಸಂಖ್ಯೆಯನ್ನೂ ಬರೆದಿಡುತ್ತೇನೆ, ಏಕೆಂದರೆ ದೂರು ಕೊಡಲು ಫೋನ್ ಮಾಡಿದಾಗ ಮೊದಲು ಕೇಳುವುದು ಅದನ್ನೇ. ಮತ್ತೆ ಸರ್ಚ್ ಮಾಡಿದಾಗ ಕೆಲವು ಬಾಕ್ಸ್‌ಗಳಲ್ಲಿ ಫೇವರಿಟ್ ಪಟ್ಟಿ ಅಳಿಸಿಹೋಗುತ್ತದೆ. ಆಗ ಮನೆಯ ಮಕ್ಕಳು ಆ ಹಾಳೆಯನ್ನು ನೋಡಿಕೊಂಡೇ ಪಟ್ಟಿಯನ್ನು ಮತ್ತೆ ಕಟ್ಟಿಕೊಡಬಹುದು.