ಡಿ ಡ್ರೈವ್‌ನಲ್ಲಿಟ್ಟ ಕಾಪಿ ಬ್ಯಾಕಪ್ ಅಲ್ಲ: ಮನೆ ಕಂಪ್ಯೂಟರ್‌ಗೆ ಯಾವುದು ಸರಿ?

ಯಾರನ್ನು ಕೇಳಿದರೂ "ಬ್ಯಾಕಪ್ ಇದೆ, ಡಿ ಡ್ರೈವ್‌ನಲ್ಲಿ ಇನ್ನೊಂದು ಕಾಪಿ ಇಟ್ಟಿದ್ದೇನೆ" ಅನ್ನುತ್ತಾರೆ. ಆದರೆ ಎಷ್ಟೋ ಕಂಪ್ಯೂಟರ್‌ಗಳಲ್ಲಿ ಸಿ, ಡಿ ಎರಡೂ ಒಂದೇ ಡಿಸ್ಕಿನ ಎರಡು ಭಾಗಗಳು. ವಿಂಡೋಸ್ ಕೆಟ್ಟು ಸಿ ಫಾರ್ಮ್ಯಾಟ್ ಮಾಡಿದರೆ ಡಿ ಉಳಿಯುತ್ತದೆ, ಅಷ್ಟು ನಿಜ. ಡಿಸ್ಕೇ ಹೋದರೆ ಎರಡೂ ಹೋಗುತ್ತವೆ. ನಿಮ್ಮದು ಹೇಗಿದೆ ಅಂತ ಈಗಲೇ ನೋಡಿ: ಸ್ಟಾರ್ಟ್ ಬಟನ್ ಮೇಲೆ ರೈಟ್ ಕ್ಲಿಕ್ ಮಾಡಿ ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆಯಿರಿ, ಡಿಸ್ಕ್ 0 ಎದುರಿಗೆ ಸಿ, ಡಿ ಎರಡೂ ಇದ್ದರೆ ಅದು ಒಂದೇ ಡಿಸ್ಕ್.

ನಮ್ಮದು ಮಲೆನಾಡು. ಒಂದು ಏಪ್ರಿಲ್ ಸಂಜೆ ಸಿಡಿಲು ಹೊಡೆದಾಗ ಕಂಪ್ಯೂಟರ್ ಜೊತೆಗೆ, ಅದಕ್ಕೆ ಸದಾ ಚುಚ್ಚಿಯೇ ಇಡುತ್ತಿದ್ದ ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕೂ ಸುಟ್ಟುಹೋಯಿತು. ಅಜ್ಜಿ ಹಾಡಿದ ಹಸೆ ಹಾಡುಗಳ ರೆಕಾರ್ಡಿಂಗ್ ಅದರಲ್ಲಿತ್ತು. ಮತ್ತೆ ಹಾಡಿಸಿಕೊಳ್ಳೋಣ ಅಂದರೆ ಅಜ್ಜಿ ಇರಲಿಲ್ಲ.

ಹಾಗಾಗಿ ಮೊದಲು ಡಿಸ್ಕ್ ಕೊಳ್ಳಲು ಹೋಗಬೇಡಿ. ಮತ್ತೆ ಸಿಗದೇ ಇರುವುದು ಏನೇನಿದೆ ಅಂತ ಬೇರೆ ಮಾಡಿ. ಸಿನಿಮಾ, ಸಾಫ್ಟ್‌ವೇರ್ ಮತ್ತೆ ಸಿಗುತ್ತವೆ, ಬಿಡಿ. ಫೋಟೊ, ಆಡಿಯೊ, ಜಮೀನಿನ ಕಾಗದಗಳ ಸ್ಕ್ಯಾನ್, ನೀವೇ ಬರೆದದ್ದು, ಇವೆಲ್ಲ ಒಂದು ಫೋಲ್ಡರ್‌ಗೆ ಬರಲಿ. ಅದರ ಪ್ರಾಪರ್ಟೀಸ್‌ನಲ್ಲಿ ಎಷ್ಟು ಜಿಬಿ ಅಂತ ನೋಡಿ. ಯಾವ ದಾರಿ ಅನ್ನುವುದು ಆ ಅಂಕಿಯ ಮೇಲೆ ನಿಂತಿದೆ.

ಐದಾರು ಜಿಬಿ ಅಷ್ಟೇ ಇದ್ದರೆ ಗೂಗಲ್ ಡ್ರೈವ್‌ನ ಉಚಿತ 15 ಜಿಬಿಯಲ್ಲೇ ಹಿಡಿಯಬಹುದು, ಆದರೆ ಜಿಮೇಲ್ ಮತ್ತು ಗೂಗಲ್ ಫೋಟೋಸ್ ಕೂಡ ಅದೇ 15ರಲ್ಲಿ ಪಾಲು ಕೇಳುತ್ತವೆ ಅನ್ನುವುದು ನೆನಪಿರಲಿ. 200 ಜಿಬಿ ಇದ್ದರೆ? ಅಪ್‌ಲೋಡ್ ವೇಗ 10 ಎಂಬಿಪಿಎಸ್ ಅಂತ ಇಟ್ಟುಕೊಂಡರೂ, ಕರೆಂಟ್ ಹೋಗದೆ ನೆಟ್ ನಿಲ್ಲದೆ ಇದ್ದರೂ, ಸುಮಾರು 45 ಗಂಟೆ ಬೇಕು. ಇನ್ನೊಂದು ವಿಷಯ ಜಾಸ್ತಿ ಜನಕ್ಕೆ ಗೊತ್ತಿಲ್ಲ. ಸಿಂಕ್ ಬೇರೆ, ಬ್ಯಾಕಪ್ ಬೇರೆ. ಸಿಂಕ್ ಅಂದರೆ ನಿಮ್ಮ ಫೋಲ್ಡರನ್ನೂ ಕ್ಲೌಡ್‌ನಲ್ಲಿ, ಅಂದರೆ ಇಂಟರ್ನೆಟ್ ಮೂಲಕ ಗೂಗಲ್‌ನಂಥವರ ಕಂಪ್ಯೂಟರ್‌ಗಳಲ್ಲಿ, ಇರುವ ಅದರ ಪ್ರತಿಯನ್ನೂ ಸದಾ ಒಂದೇ ಥರ ಇಡುವುದು. ಸಿಂಕ್ ಆಗುವ ಫೋಲ್ಡರ್‌ನಿಂದ ನೀವು ಕೈತಪ್ಪಿ ಫೈಲ್ ಅಳಿಸಿದರೆ ಅದು ಕ್ಲೌಡ್‌ನಲ್ಲೂ ಅಳಿಯುತ್ತದೆ. ಗೂಗಲ್ ಡ್ರೈವ್‌ನ ಟ್ರ್ಯಾಶ್‌ನಲ್ಲಿ 30 ದಿನ ಇರುತ್ತದೆ, ಆಮೇಲೆ ಹೋಯಿತು. ಎರಡು ತಿಂಗಳು ಬಿಟ್ಟು ಹುಡುಕುವವರೇ ಹೆಚ್ಚು ಅಲ್ವಾ?

ಆದ್ದರಿಂದ ನಾನು ಹೇಳುವುದು ಎರಡು ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್, ಜೊತೆಗೆ ತೀರಾ ಬೆಲೆಬಾಳುವ ಸ್ವಲ್ಪವನ್ನು ಮಾತ್ರ ಕ್ಲೌಡ್‌ಗೆ. ಪೆನ್ ಡ್ರೈವ್ ಫೈಲ್ ಒಯ್ಯಲು ಸರಿ, ವರ್ಷಗಟ್ಟಲೆ ಇಡಲು ಬೇಡ. ಎಸ್‌ಎಸ್‌ಡಿ (ತಿರುಗುವ ತಟ್ಟೆಯಿಲ್ಲದೆ ಚಿಪ್‌ಗಳಲ್ಲೇ ಫೈಲ್ ಇಡುವ ಡಿಸ್ಕ್) ವೇಗವಾಗಿದೆ, ಬಿದ್ದರೂ ತಡೆಯುತ್ತದೆ, ಆದರೆ ವಿದ್ಯುತ್ ಕೊಡದೆ ವರ್ಷಗಟ್ಟಲೆ ಬೀರುವಿನಲ್ಲಿಟ್ಟರೆ ಅದರಲ್ಲಿರುವುದು ಅಳಿಸಿಹೋಗಬಹುದು. ಸುಮ್ನೆ ಇಡುವುದಕ್ಕೆ ಹಾರ್ಡ್ ಡಿಸ್ಕೇ ವಾಸಿ. ಕೆಳಗೆ ಬೀಳಿಸಬೇಡಿ. ಮಳೆಗಾಲದ ತೇವಕ್ಕೆ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಗಾಳಿಯಾಡದ ಡಬ್ಬದಲ್ಲಿಡಿ.

ಮೊದಲ ಡಿಸ್ಕ್‌ಗೆ ವಿಂಡೋಸ್‌ನಲ್ಲೇ ಇರುವ ಫೈಲ್ ಹಿಸ್ಟರಿ ಸಾಕು, ಕಂಟ್ರೋಲ್ ಪ್ಯಾನೆಲ್‌ನಲ್ಲಿ ಸಿಗುತ್ತದೆ. ಡಿಸ್ಕ್ ಚುಚ್ಚಿರುವಾಗ ಗಂಟೆಗೊಮ್ಮೆ ಬದಲಾದ ಫೈಲ್‌ಗಳನ್ನು ಕಾಪಿ ಮಾಡುತ್ತದೆ, ಹಳೆಯ ಪ್ರತಿಯನ್ನೂ ಉಳಿಸುತ್ತದೆ. ಅದು ನೋಡುವುದು ಡಾಕ್ಯುಮೆಂಟ್ಸ್, ಪಿಕ್ಚರ್ಸ್, ಡೆಸ್ಕ್‌ಟಾಪ್ ಇಂಥವನ್ನು ಮಾತ್ರ. ನಿಮ್ಮ ಫೋಲ್ಡರ್ ಡಿ ಡ್ರೈವ್‌ನಲ್ಲಿದ್ದರೆ ಅದರ ಮೇಲೆ ರೈಟ್ ಕ್ಲಿಕ್ ಮಾಡಿ ಇನ್‌ಕ್ಲೂಡ್ ಇನ್ ಲೈಬ್ರರಿ ಒತ್ತಲೇಬೇಕು, ವಿಂಡೋಸ್ 11ರಲ್ಲಿ ಇದು ಶೋ ಮೋರ್ ಆಪ್ಷನ್ಸ್ ಒಳಗಿದೆ. ಮ್ಯಾಕ್ ಇದ್ದವರಿಗೆ ಟೈಮ್ ಮಷೀನ್ ಇದೇ ಕೆಲಸ ಮಾಡುತ್ತದೆ. ಕೆಲಸ ಮುಗಿದ ಮೇಲೆ ಡಿಸ್ಕ್ ತೆಗೆದಿಡಿ. ಚುಚ್ಚಿಯೇ ಇದ್ದರೆ ಸಿಡಿಲಿಗೂ ಸಿಗುತ್ತದೆ, ಫೈಲ್‌ಗಳಿಗೆ ಬೀಗ ಹಾಕಿ ದುಡ್ಡು ಕೇಳುವ ರ‍್ಯಾನ್ಸಮ್‌ವೇರ್‌ಗೂ ಸಿಗುತ್ತದೆ.

ಎರಡನೆಯದಕ್ಕೆ ತಿಂಗಳಿಗೊಮ್ಮೆ ಕೈಯಾರೆ ಕಾಪಿ ಮಾಡಿ ಅಕ್ಕನ ಮನೆಯಲ್ಲೋ ತಮ್ಮನ ಮನೆಯಲ್ಲೋ ಇಡಿ. ಕಳ್ಳತನ, ನೀರು, ಬೆಂಕಿ ಎರಡು ಮನೆಗೂ ಒಟ್ಟಿಗೆ ಬರುವುದು ಅಪರೂಪ.

ನುಡಿ, ಬರಹ ಎಂಬ ಕನ್ನಡ ಟೈಪಿಂಗ್ ಸಾಫ್ಟ್‌ವೇರ್‌ಗಳಲ್ಲಿ ಹಳೆಯ ಫಾಂಟ್‌ಗಳಿಂದ ಟೈಪ್ ಮಾಡಿದ ಫೈಲ್‌ಗಳಿದ್ದರೆ ಆ ಫಾಂಟ್‌ಗಳನ್ನೂ ಅದೇ ಫೋಲ್ಡರ್‌ಗೆ ಹಾಕಿ. ಎಲ್ಲ ಭಾಷೆಗಳ ಅಕ್ಷರಗಳಿಗೂ ಒಂದೇ ಸಂಕೇತ ಕ್ರಮವಾದ ಯೂನಿಕೋಡ್‌ಗೆ ಮೊದಲಿನ ಫೈಲ್‌ಗಳು ಫಾಂಟ್ ಇಲ್ಲದಿದ್ದರೆ ಇಂಗ್ಲಿಷ್ ಅಕ್ಷರಗಳ ಗೊಂದಲವಾಗಿ ಕಾಣುತ್ತವೆ. ಪಿಡಿಎಫ್ ಪ್ರತಿಯನ್ನೂ ಮಾಡಿಟ್ಟರೆ ಇನ್ನೂ ಒಳ್ಳೆಯದು.

ಇಷ್ಟಾದ ಮೇಲೆ ಎರಡನೆಯ ಡಿಸ್ಕನ್ನು ಅಕ್ಕನ ಮನೆಯ ಕಂಪ್ಯೂಟರ್‌ಗೇ ಹಾಕಿ ನೋಡಿ. ಒಂದು ಫೋಟೊ ತೆರೆಯಿರಿ, ಒಂದು ಹಾಡು ಕೊನೆಯವರೆಗೆ ಕೇಳಿ, ಒಂದು ಹಳೆಯ ಕನ್ನಡ ಫೈಲ್ ಓದಿ. ಏನಾದರೂ ತೆರೆಯದಿದ್ದರೆ ಮೂಲ ಫೈಲ್ ಇನ್ನೂ ನಿಮ್ಮ ಮನೆಯಲ್ಲಿದೆ, ಅವತ್ತೇ ಹೋಗಿ ಮತ್ತೆ ಕಾಪಿ ಮಾಡಿಕೊಳ್ಳಿ.